ಡಿಕ್ಕಿಯಲ್ಲಿ ಉಳಿದ ಅರ್ಧ ಬರ್ಗರ್

ಗೆಳೆಯರೇ, ಇವತ್ತು ಮಧ್ಯಾಹ್ನದಿಂದ ನನ್ನ ಕೈ ಹೊಟ್ಟೆಯ ಮೇಲೇ ಇದೆ. ಕಮಲಾಪುರದಿಂದ ಬಂದಿಳಿದ ಅವ್ವನ ಬಾಳೆಹಣ್ಣಿನ ಚೀಲ ಇಡಲು ಸ್ಕೂಟರಿನ ಡಿಕ್ಕಿ ತೆಗೆದರೆ, ತಿಂಗಳ ಹಿಂದೆ ನಾನು ಅರ್ಧ ತಿಂದು, ಇಟ್ಟು ಮರೆತಿದ್ದ ಬರ್ಗರ್ ಸಿಕ್ಕಿತು. ಬೂಷ್ಟು ಹಿಡಿದಿಲ್ಲ, ನಾತವಿಲ್ಲ. ನನ್ನ ಹಲ್ಲಿನ ಗುರುತೂ ಹಾಗೇ ಇದೆ!

ಅವ್ವ ಎರಡು ಹೆಜ್ಜೆ ಹಿಂದೆ ಸರಿದಳು. "ಯಪ್ಪಾ, ಇರಿವಿ ಸೈತ ಮುಟ್ಟಿಲ್ಲಲ್ಲೋ ಇದನ್ನ!"

"ಬಿಸಿಲಿಗೆ ಒಣಗ್ಯಾದ ಯವ್ವಾ. ನಿನ್ನ ಖಡಕ್ ರೊಟ್ಟಿ ತಿಂಗಳಾದ್ರೂ ಕೆಡ್ತಾವೇನು?" ಎಂದೆ.

"ರೊಟ್ಟಿ ನಾ ಬಡದು, ನಾ ಒಣಗಿಸೀನಿ. ಇದರಾಗ ಯಾರು ಏನು ಹಾಕ್ಯಾರೋ, ನಿನಗ ಗೊತ್ತದೇನು?"

ಗೊತ್ತಿಲ್ಲ. ಡಿಕ್ಕಿಯಲ್ಲಿದ್ದ ಅರ್ಧವನ್ನಂತೂ ಎಸೆದೆ. ಇನ್ನರ್ಧ ತಿಂಗಳಿಂದ ನನ್ನೊಳಗಿದೆ.