ಬಟ್ಟೆ ತಂತಿಯ ಮೇಲೆ ನಡೆದು ಬಂದ ಮಾತು

ಮರಿಸ್ವಾಮಿಯ ಮುತ್ತಜ್ಜ ಚಿಕ್ಕಬಸವಯ್ಯ ಮಠದ ನಗಾರಿ ಬಾರಿಸುತ್ತಿದ್ದವನು. ದಾಸೋಹಕ್ಕೆ ಎಲೆ ಹಾಕುವ ಹೊತ್ತಿಗೆ ಅವನು ಕೋಲೆತ್ತಿದರೆ ಕೆರೆಯಾಚೆ ಉಳುತ್ತಿದ್ದವರೂ ನೊಗ ಇಳಿಸಿ ಕೈ ತೊಳೆಯುತ್ತಿದ್ದರಂತೆ. ತಾತ ಶಿವಮಲ್ಲಪ್ಪ ತಂತಿಕಂಬ ನೆಡುವವರ ಜೊತೆ ನಂಜನಗೂಡಿನ ದಾರಿಯುದ್ದಕ್ಕೂ ತಂತಿಯ ಸುರುಳಿ ಹೊತ್ತ. ಆ ಭಾರಕ್ಕೆ ಅವನ ಬಲಭುಜ ಸಾಯುವ ತನಕ ವಾಲಿಕೊಂಡೇ ಇತ್ತು. ಅಪ್ಪ ಮಹಾಂತಯ್ಯ ಅದೇ ತಂತಿಯಲ್ಲಿ ಬಂದ ಸುದ್ದಿಯನ್ನು ಸೈಕಲ್ಲಿನಲ್ಲಿ ಮನೆಮನೆಗೆ ಮುಟ್ಟಿಸಿದ. ಸಾವಿನ ಸುದ್ದಿ ಕೊಟ್ಟ ಮನೆಯಲ್ಲಿ ಅವನು ನೀರು ಕೂಡ ಕುಡಿಯುತ್ತಿರಲಿಲ್ಲ. ಇಂಥ ವಂಶದವನಿಗೆ ದೂರದವರ ಜೊತೆ ಮಾತಾಡುವ ಹುಚ್ಚು ಹಿಡಿದದ್ದು ನಮಗೇನೂ ಸೋಜಿಗವಾಗಲಿಲ್ಲ.

ಮರಿಸ್ವಾಮಿ ತಂತಿ ಕಚೇರಿಯಲ್ಲಿ ಕೂತು ಕಟ್ಟ-ಕಡ ಎಂದು ಚುಕ್ಕೆ-ಗೆರೆಯ ತಂತಿಭಾಷೆ ಕುಟ್ಟುತ್ತಲೇ ಕೂದಲು ನರೆಸಿಕೊಂಡ. ಹೊಸ ಯಂತ್ರ ಬಂದು ಕುಟ್ಟುವ ಕೆಲಸ ಮೂಲೆಗೆ ಬಿತ್ತು, ಹಿಂದೆಯೇ ಅವನಿಗೆ ನಿವೃತ್ತಿಯೂ ಆಯಿತು. ಆದರೆ ಬೆರಳು ಸುಮ್ಮನಿರಬೇಕಲ್ಲ. ಪರೀಕ್ಷೆ ಕಟ್ಟಿ, ಮನೆಯಿಂದಲೇ ಗಾಳಿಯಲ್ಲಿ ಕುಟ್ಟಲು ಹ್ಯಾಮ್ ರೇಡಿಯೊ ಲೈಸೆನ್ಸ್ ಪಡೆದ. ಚಾಮರಾಜಪುರಂನ ನಮ್ಮ ವಠಾರದ ಹಿಂಭಾಗದಲ್ಲಿ, ನನ್ನ ಮನೆಯ ಮೇಲಿನ ಒಂಟಿ ಕೋಣೆ ಅವನದು. ಹೆಂಡತಿ ತೀರಿಕೊಂಡಿದ್ದಳು. ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ, ಅಲ್ಲಿಂದ ಉದ್ದನೆಯ ಏರಿಯಲ್ ಎಳೆದು, ತಾನೇ ಜೋಡಿಸಿದ ಪೆಟ್ಟಿಗೆಯ ಮುಂದೆ ದಿನಾ ಸಂಜೆ ಆರಕ್ಕೆ ಕೂರುತ್ತಿದ್ದ.

ಆ ಕಡೆ ನಂಜನಗೂಡಿನಲ್ಲಿ ಕೂರುತ್ತಿದ್ದವನು ಸಿದ್ದಲಿಂಗಸ್ವಾಮಿ. ಕಚೇರಿಯಲ್ಲಿ ಒಂದೇ ಬೆಂಚು ಸವೆಸಿದ ಗೆಳೆಯರು ಇಬ್ಬರೂ. ಅವನಿಗೆ ಗಂಟಲಲ್ಲಿ ಗೆಡ್ಡೆಯಾಗಿ, ಆಪರೇಷನ್ ಮಾಡಿ ದನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಜೀವ ಉಳಿಯಿತು, ಮಾತು ಹೋಯಿತು. ಸೊಸೆ ಕೇಳಿದ್ದಕ್ಕೆ ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದವನು ಸಂಜೆಯಾದರೆ ರೇಡಿಯೊ ಮುಂದೆ ಕೂತು ಬೆರಳಲ್ಲೇ ಹರಟುತ್ತಿದ್ದ, ಬೈಯುತ್ತಿದ್ದ, ನಗುತ್ತಿದ್ದ. ಅವನ ಪಾಲಿಗೆ ಉಳಿದ ನಾಲಿಗೆ ಅದೊಂದೇ.

೧೯೯೭ರಲ್ಲಿ ವಠಾರದ ಒಡತಿ ಪ್ರೇಮಲೀಲಮ್ಮನ ಮನೆಗೆ ಟೆಲಿಫೋನು ಬಂತು. ಅದರ ಬೆನ್ನಿಗೇ ಗಲಾಟೆಯೂ ಬಂತು. ಮದುವೆಯಾಗಿ ಎಷ್ಟೋ ವರ್ಷಕ್ಕೆ ಬಸುರಾದ ಮಗಳು ಶಿವಮೊಗ್ಗದಿಂದ ಸಂಜೆ ಫೋನು ಮಾಡಿದರೆ, ಕಿವಿಗೆ ಬೀಳುತ್ತಿದ್ದದ್ದು ಮಗಳ ಅರ್ಧ ಮಾತು, ಮರಿಸ್ವಾಮಿಯ ಅರ್ಧ ಟಿಕ್ ಟಿಕ್. ಒಮ್ಮೆ ಮಗಳು ವಾಂತಿ ನಿಂತಿದೆ ಎಂದಳೋ ನಿಂತಿಲ್ಲ ಎಂದಳೋ ತಿಳಿಯದೆ ಆ ತಾಯಿ ರಾತ್ರಿಯೆಲ್ಲ ನಿದ್ದೆಗೆಟ್ಟರು. ಮರಿಸ್ವಾಮಿ ಪೆಟ್ಟಿಗೆಯ ಜೋರು ತಗ್ಗಿಸಿದ, ಅದಕ್ಕೊಂದು ಸುರುಳಿ ಸುತ್ತಿದ, ಇದಕ್ಕೊಂದು ಬಿಲ್ಲೆ ಬೆಸೆದ. ಟಿಕ್ ಟಿಕ್ ಜಗ್ಗಲಿಲ್ಲ. ಹೊತ್ತು ಬದಲಿಸೋಣವೆಂದರೆ ಫೋನು ಯಾವ ಹೊತ್ತಿಗೆ ಬರುತ್ತದೆಂದು ಯಾರಿಗೆ ಗೊತ್ತು? ಕೊನೆಗೆ ಪ್ರೇಮಲೀಲಮ್ಮ, ಮಗಳ ಸೀಮಂತ ಮುಗಿಯಲಿ, ಆಮೇಲೆ ಒಂದೋ ಕಂಬ ಇಳಿಸಬೇಕು, ಇಲ್ಲ ಕೋಣೆ ಬಿಡಬೇಕು ಎಂದು ಹೇಳಿಬಿಟ್ಟರು. ಅವನು ಎದುರಾಡಲಿಲ್ಲ. ಆದರೆ ಸಿದ್ದಲಿಂಗನಿಗೆ ಈ ಸಂಗತಿ ಹೇಗೆ ಕುಟ್ಟುವುದೆಂದು ತಿಳಿಯದೆ ಅವನ ಮುಖ ಬಾಡಿದ ಬದನೆಯಾಗಿತ್ತು.

ಸೀಮಂತಕ್ಕೆ ಮಗಳು ಬಂದಳು. ವಠಾರದ ಅಂಗಳದಲ್ಲಿ ಚಪ್ಪರ ಎದ್ದಿತು. ಚಪ್ಪರಕ್ಕೆ ಅಡ್ಡ ಎಂದು, ಅಂಗಳದುದ್ದಕ್ಕೂ ಇದ್ದ ಬಟ್ಟೆ ಒಣಗಿಸುವ ತಂತಿಯನ್ನು ಕೆಲಸದವರು ಮುಂಭಾಗದ ಪ್ರೇಮಲೀಲಮ್ಮನ ಮನೆಯ ಕೊಕ್ಕೆಯಿಂದ ಬಿಡಿಸಿ, ಸುರುಳಿ ಸುತ್ತಿ ಮೇಲಿನ ತಾರಸಿಗೆ ಎಸೆದರು.

ಶಾಸ್ತ್ರ ಮುಗಿದ ಮಾರನೆಯ ಸಂಜೆ, ಮರಿಸ್ವಾಮಿ ಆಗಷ್ಟೇ ಪೆಟ್ಟಿಗೆ ಆರಿಸಿ ನನ್ನ ಜೊತೆ ತಾರಸಿಯಲ್ಲಿ ಕೂತಿದ್ದ. ಪ್ರೇಮಲೀಲಮ್ಮ ತಟ್ಟೆಯಲ್ಲಿ ಹೋಳಿಗೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ದನಿ ಮೆತ್ತಗಾಗಿತ್ತು.

"ಮರಿಸ್ವಾಮಣ್ಣ, ಎರಡು ದಿನದಿಂದ ಅಳಿಯಂದ್ರ ಫೋನು ಕನ್ನಡಿ ಇದ್ದಂಗಿದೆ. ನಮ್ಮ ಮನೆ ಶುಭಕಾರ್ಯ ಅಂತ ನಿಲ್ಲಿಸಿದ್ರಲ್ಲ, ದೊಡ್ಡ ಮನಸ್ಸು ನಿಮ್ದು."

ಹೌದೆಂದು ತಲೆಯಾಡಿಸಿ ಹೋಳಿಗೆ ತಿನ್ನಬಹುದಿತ್ತು. ಮರಿಸ್ವಾಮಿ ತಟ್ಟೆ ಮುಟ್ಟಲಿಲ್ಲ.

"ನಾನು ನಿಲ್ಲಿಸೇ ಇಲ್ವಲ್ಲ ತಾಯಿ. ಈಗ ತಾನೇ ಅರ್ಧ ಗಂಟೆ ಕುಟ್ಟಿದೆ."

ಮೂವರೂ ಮುಖ ಮುಖ ನೋಡಿಕೊಂಡೆವು. ಆಮೇಲೆ ಅವನ ಕಣ್ಣು ತಾರಸಿಯ ಮೂಲೆಯಲ್ಲಿ ಬಿದ್ದಿದ್ದ ತಂತಿಯ ಸುರುಳಿಯ ಮೇಲೆ ನಿಂತಿತು. ಅದರ ಇನ್ನೊಂದು ತುದಿ ಅವನ ಕಂಬದ ನೆತ್ತಿಯ ಹತ್ತಿರ ಇನ್ನೂ ಬಿಗಿದುಕೊಂಡೇ ಇತ್ತು.

ಮೊದಲು ಅಲ್ಲಿದ್ದದ್ದು ತೆಂಗಿನ ನಾರಿನ ಹಗ್ಗ. ಅದು ಪಿಸಿದು ಹರಿದು ಒಗೆದ ಸೀರೆಗಳೆಲ್ಲ ಮಣ್ಣುಪಾಲಾದವೆಂದು, ಫೋನು ಬಂದ ತಿಂಗಳೇ ಪ್ರೇಮಲೀಲಮ್ಮ ಕಬ್ಬಿಣದ ತಂತಿ ತರಿಸಿದ್ದರು. ಮುಂದಿನ ತುದಿಯನ್ನು ಕಟ್ಟಿದ್ದು ಫೋನಿನ ವೈರು ಇಳಿಯುವ ಅದೇ ಕೊಕ್ಕೆಗೆ. ಹಿಂದಿನ ತುದಿಯನ್ನು ಅವರು ಹೇಳಿದಂತೆ ಏಣಿ ಹತ್ತಿ ತನ್ನ ಕಂಬಕ್ಕೇ ಬಿಗಿದವನು ಮರಿಸ್ವಾಮಿ.

ನಾನು ಶಾಲೆಯಲ್ಲಿ ಕಲಿತವನಲ್ಲ, ರೇಡಿಯೊ ಬಿಚ್ಚಿ ಬಿಚ್ಚಿ ಕಲಿತವನು. ನನಗೆ ತಿಳಿದಂತೆ ಹೇಳುತ್ತೇನೆ. ರೇಡಿಯೊದ ಗಿಡ್ಡ ಅಲೆ ಮೇಕೆ ಇದ್ದ ಹಾಗೆ, ನೆಗೆದು ತನ್ನ ಪಾಡಿಗೆ ಹೋಗುತ್ತದೆ. ಮರಿಸ್ವಾಮಿ ಬಳಸುತ್ತಿದ್ದ ಉದ್ದನೆಯ ಅಲೆ ಎಮ್ಮೆ. ನೆಲ ಹಿಡಿದು ನಿಧಾನವಾಗಿ ನಂಜನಗೂಡು ಮುಟ್ಟುತ್ತದೆ ನಿಜ, ಆದರೆ ಪಕ್ಕದಲ್ಲಿ ತಂತಿಯೋ ಕೊಳಾಯಿಯೋ ಬೇಲಿಯೋ ಸಿಕ್ಕಿದರೆ ಅದಕ್ಕೆ ಮೈ ಉಜ್ಜಿಕೊಂಡು ಆ ದಾರಿಯಲ್ಲೂ ಹೊರಟುಬಿಡುತ್ತದೆ. ಪ್ರೇಮಲೀಲಮ್ಮನ ಸೀರೆ ಒಣಗುವ ತಂತಿಯ ಮೇಲೆ ಅದು ದಿನಾ ಸಂಜೆ ಅಂಗಳ ದಾಟಿ ಫೋನಿನೊಳಗೆ ನುಗ್ಗುತ್ತಿತ್ತು.

ಆಗಲೇ ಪರೀಕ್ಷೆ ಮಾಡಿದೆವು. ಚಪ್ಪರ ಬೆಳಗ್ಗೆಯೇ ಬಿಚ್ಚಿದ್ದರು, ನಾನು ಅಂಗಳಕ್ಕೆ ಹೋಗಿ ತಂತಿಯನ್ನು ಕೊಕ್ಕೆಗೆ ಸಿಕ್ಕಿಸಿದೆ. ಮೇಲೆ ಅವನು ಕುಟ್ಟಿದ. ಒಳಗೆ ಫೋನು ಹಿಡಿದ ಪ್ರೇಮಲೀಲಮ್ಮ ಟಿಕ್ ಟಿಕ್ ಎಂದರು. ಬಿಡಿಸಿದೆ, ಇಲ್ಲ ಎಂದರು. ಮತ್ತೆ ಸಿಕ್ಕಿಸಿ ಬಿಡಿಸಿದೆ, ಅದೇ ಉತ್ತರ. ಆಕೆ ಹೊಸ್ತಿಲ ಮೇಲೆ ಕೂತು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಕಂಬ ಅಲ್ಲೇ ಇರಲಿ, ನಿಮ್ಮ ಗೆಳೆಯರ ಮಾತು ತಪ್ಪಿಸಿದ ಪಾಪ ನನಗೆ ಬೇಡ ಎಂದರು. ಮೇಲೆ ಮರಿಸ್ವಾಮಿ ತಿಂಗಳುಗಳಿಂದ ಎದೆಯ ಮೇಲೆ ಹೊತ್ತಿದ್ದ ಬೀಸುಕಲ್ಲು ಇಳಿಸಿದವನಂತೆ ಗೋಡೆಗೊರಗಿ, ಆಮೇಲೆ ಹೋಳಿಗೆ ಮುರಿದ.

ಮಾರನೆಯ ದಿನ ಆರಕ್ಕೆ ನಡೆದದ್ದನ್ನೆಲ್ಲ ಸಿದ್ದಲಿಂಗನಿಗೆ ಕುಟ್ಟಿದ. ಉತ್ತರ ಬಂದಾಗ ಒಬ್ಬನೇ ಗಹಗಹಿಸಿ ನಕ್ಕದ್ದು ಕೆಳಗಿದ್ದ ನನಗೂ ಕೇಳಿಸಿತು. ಇಷ್ಟು ದಿನ ನಿನ್ನ ಮಾತು ಹೆಂಗಸರ ಸೀರೆ ಜೊತೆ ನೇತಾಡ್ತಿತ್ತಾ, ಅದಕ್ಕೇ ಕಣೋ ಸೋಪಿನ ವಾಸನೆ ಎಂದಿದ್ದನಂತೆ.

ಅದರ ಮರುದಿನ ಬೆಳಗ್ಗೆ ಪ್ರೇಮಲೀಲಮ್ಮ ನೈಲಾನ್ ಹಗ್ಗ ತರಿಸಿದರು. ಆ ವಯಸ್ಸಿನಲ್ಲಿ ಏಣಿ ಹತ್ತುವುದು ಬೇಡ, ಆಳು ಕರೆಸಿದ್ದೇನೆ, ತಂತಿ ಬಿಚ್ಚಿ ಹಗ್ಗ ಅವನೇ ಕಟ್ಟುತ್ತಾನೆ ಎಂದರು. ಮರಿಸ್ವಾಮಿ ಆಗಲೇ ಪಂಚೆ ಎತ್ತಿ ಕಟ್ಟಿ, ಇಕ್ಕಳ ಸೊಂಟಕ್ಕೆ ಸಿಕ್ಕಿಸಿ, ಏಣಿಯ ಎರಡನೇ ಮೆಟ್ಟಿಲ ಮೇಲಿದ್ದ.

"ಆಳೂ ಬೇಡ, ಏಣಿ ಹಿಡ್ಕೊಳ್ಳೋರೂ ಬೇಡ ಕಣಮ್ಮ. ಆ ಗಂಟು ಹಾಕಿದ್ದು ನಾನು, ಎಲ್ಲಿ ಸಡಿಲ ಆಯ್ತದೆ ಅಂತ ನಂಗೇ ಗೊತ್ತಿರೋದು. ನೀವು ಒಳಗೋಗಿ ಮಗಳನ್ನ ನೋಡ್ಕೊಳ್ಳಿ, ನಾನು ಬಿಚ್ಕೊಂಡು ಬತ್ತೀನಿ."