ಬಿಳಿ ಶರ್ಟು, ಹೊಸ ಫ್ಲ್ಯಾಶು

ಸೀರೆ ಅಂಗಡಿಯೊಂದಕ್ಕೆ ಸೀರೆಗಳ ಫೋಟೊ ತೆಗೆದುಕೊಡುವ ಕೆಲಸ ಸಿಕ್ಕಿತ್ತು. ಬಣ್ಣ ಚೂರು ಹೆಚ್ಚುಕಮ್ಮಿ ಆದರೂ ಗಿರಾಕಿ ಸೀರೆ ವಾಪಸ್ ತರ್ತಾರೆ ಅಂತ ಸೀರೆ ಅಂಗಡಿಯವರು ಹೆದರಿಸಿದ್ದರು. ಹಾಗಾಗಿ ಮೊದಲ ಸಲ ಸ್ಟುಡಿಯೋ ಫ್ಲ್ಯಾಶ್ ಕೊಳ್ಳಲು ಚಾಮರಾಜಪೇಟೆಯ ಕ್ಯಾಮೆರಾ ಅಂಗಡಿಯೊಂದಕ್ಕೆ ಹೋದೆ. ಶೋಕೇಸಿನಲ್ಲಿದ್ದ ಫ್ಲ್ಯಾಶ್ ಹಚ್ಚಿ, ಬಿಳಿ ಶರ್ಟಿನ ಮಾಲೀಕರು ತಾವೇ ಮಾಡೆಲ್ ಆಗಿ ನಿಂತರು. ನನ್ನ ಕ್ಯಾಮೆರಾದಲ್ಲಿ ಫೋಟೊ ತೆಗೆದು ನೋಡಿದರೆ ಶರ್ಟು ಗುಲಾಬಿ!

"ಇದು ಬೇಡ ಸಾರ್, ಬಣ್ಣ ಸರಿಯಾಗಿ ಬರ್ತಿಲ್ಲ," ಅಂದೆ.

"ನಿಮ್ಮ ಕ್ಯಾಮೆರಾನೇ ಸರಿಯಿಲ್ಲ," ಅಂತ ಅವರೂ ಗರಂ ಆದರು.

ಸೆಟ್ಟಿಂಗ್ ಎಲ್ಲ ಬದಲಿಸಿದರೂ ಗುಲಾಬಿಯೇ. ಸಿಟ್ಟಿನಿಂದ ಫ್ಲ್ಯಾಶಿನ ಮೂತಿ ನನ್ನ ಕಡೆ ತಿರುಗಿಸಿದೆ. ಗಾಜಿನ ತುಂಬ ಕುಂಕುಮ.

"ಇವತ್ತು ಶುಕ್ರವಾರ ಅಲ್ವಾ, ಪೂಜೆ ಮಾಡಿದ್ವಿ."

"ಸ್ವಲ್ಪ ಒರೆಸಿ ಸಾರ್."

"ಪೂಜೆ ಮಾಡಿದ ಕೈಯಲ್ಲಿ ನಾನು ಒರೆಸಲ್ಲಪ್ಪ. ಬೇಕಾದ್ರೆ ನೀವೇ ಒರೆಸ್ಕೊಳ್ಳಿ."

ಕರ್ಚೀಫು ತೆಗೆದೆ. ಗೋಡೆಯ ಮೇಲಿನ ದೇವರ ಪಟಗಳು ನನ್ನನ್ನೇ ನೋಡುತ್ತಿದ್ದವು. ಸುಮ್ಮನೆ ಜೇಬಿಗೆ ಹಾಕಿಕೊಂಡೆ.

ಕೊನೆಗೆ ಮಾಲೀಕರೇ ಒಳಗಿಂದ ಸೀಲ್ ಒಡೆಯದ ಡಬ್ಬಿ ತಂದರು. ಶರ್ಟು ಬೆಳ್ಳಗೆ ಬಂತು, ಕೊಂಡೆ.

ಮನೆಯಲ್ಲಿ ಡಬ್ಬಿ ಬಿಚ್ಚಿಟ್ಟು ಕೈಕಾಲು ತೊಳೆದು ಬರುವಷ್ಟರಲ್ಲಿ ಅಮ್ಮ ಫ್ಲ್ಯಾಶಿನ ಮುಂದೆ ಕೈಮುಗಿದು ನಿಂತಿದ್ದಳು. ಅಂಗಡಿಯವರು ಬರೀ ಕುಂಕುಮ ಹಚ್ಚಿದ್ದರು. ಅಮ್ಮ ಅರಿಶಿನವನ್ನೂ ಬಿಟ್ಟಿರಲಿಲ್ಲ.