ದಾರ ಕಟ್ಟಿದ ಆರನೆಯ ದಿನ

ಬೀದರಿನ ನಮ್ಮ ಓಣಿಯಲ್ಲಿ ಕೌಸಲ್ಯಾಬಾಯಿಗೆ ಎದುರಾಡುವ ಧೈರ್ಯ ಯಾರಿಗೂ ಇರಲಿಲ್ಲ. ದವಾಖಾನೆಯ ಹೆರಿಗೆ ವಾರ್ಡಿನಲ್ಲಿ ಆಯುಷ್ಯ ಸವೆಸಿದವಳು, ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳುವವಳು. ಓಣಿಯ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು. ಆ ಹಕ್ಕಿನಿಂದ ಯಾರ ಕಿವಿಯನ್ನಾದರೂ ಹಿಂಡುತ್ತಿದ್ದಳು. ನಾನು ಪಕ್ಕದ ಮನೆಯವಳು, ನನ್ನ ಕಿವಿಯೂ ಉಳಿದಿರಲಿಲ್ಲ.

ಅವಳ ಮಗ ಜೈವಂತ ಔರಾದ ಕಡೆಯ ಹಳ್ಳಿಯಲ್ಲಿದ್ದ. ಹೆಂಡತಿ ತೀರಿಹೋಗಿದ್ದಳು, ಎಸ್ತೇರ ಎಂಬ ಒಬ್ಬಳೇ ಮಗಳು. ಮಳೆ ಕೈಕೊಟ್ಟ ಆ ವರ್ಷಗಳಲ್ಲಿ ಅವನ ಊರಿಗೆ ಊರೇ ದೀಪಾವಳಿ ಮುಗಿಸಿ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋಗುತ್ತಿತ್ತು. ಆಳುಗಳನ್ನು ಕೂಡಿಸುವ ಮುಕಾದಮ ಒಂಟಿ ಆಳನ್ನು ಒಯ್ಯುವುದಿಲ್ಲ. ಅವನಿಗೆ ಜೋಡಿಯೇ ಬೇಕು, ಒಬ್ಬರು ಕಡಿಯಲು, ಒಬ್ಬರು ಹೊರೆ ಕಟ್ಟಲು. ಹೆಂಡತಿಯಿಲ್ಲದ ಜೈವಂತ ಮಗಳನ್ನೇ ಜೋಡಿ ಮಾಡಿಕೊಂಡ. ಮೊದಲ ವರ್ಷವೇ ಅವಳ ಶಾಲೆ ತಪ್ಪಿಹೋಯಿತು.

ಮರುವರ್ಷ ಆಷಾಢದಲ್ಲಿ ಕೌಸಲ್ಯಾಬಾಯಿ ಮೊಮ್ಮಗಳನ್ನು ಬೀದರಿಗೆ ಕರೆತಂದು ಮನೆಯಲ್ಲೇ ಕಲಿಸತೊಡಗಿದಳು. ಯುಗಾದಿಯ ನಂತರ ವಸತಿಶಾಲೆಯ ಎಂಟನೆಯ ತರಗತಿಗೆ ಪರೀಕ್ಷೆಯಿತ್ತು. ಅಲ್ಲಿ ಸೀಟು ಸಿಕ್ಕರೆ ಹುಡುಗಿ ಹಾಸ್ಟೆಲಿನಲ್ಲಿ ಉಳಿಯುತ್ತಾಳೆ, ಕಬ್ಬಿನ ಗದ್ದೆ ತಪ್ಪುತ್ತದೆ. ಕನ್ನಡ, ಲೆಕ್ಕ ಮುದುಕಿಗೆ ಬರುತ್ತಿತ್ತು. ವಿಜ್ಞಾನ ಬರುತ್ತಿರಲಿಲ್ಲ, ಪುಸ್ತಕ ಬೇಕಿತ್ತು.

ಭಾಲ್ಕಿಯಲ್ಲಿ ಚರ್ಚಿನ ಉಪದೇಶಿಯ ಹೆಂಡತಿ ಕೇಶರಬಾಯಿ, ಮನೆಯಲ್ಲೇ ಕಲಿಯುವ ಕ್ರೈಸ್ತ ಮಕ್ಕಳಿಗೆಂದು ಪುಸ್ತಕ ಇಟ್ಟಿರುತ್ತಿದ್ದಳು. ನಾನೂ ಕೌಸಲ್ಯಾಬಾಯಿಯೂ ಬಸ್ಸು ಹತ್ತಿ ಹೋದೆವು. ಅವಳು ಎರಡು ವಿಜ್ಞಾನದ ಪುಸ್ತಕ ತಂದು ಮುಂದಿಟ್ಟಳು.

"ಕೆಂಪು ರಟ್ಟಿಂದು ತಗೋರಿ. ಶರೀರದಿಂದ ಸುರು ಆಗ್ತದ. ಈ ವಯಸ್ಸಿನ ಹುಡುಗ್ಯಾರಿಗಿ ಛಲೋ ಅದರಿ. ಪಾಠಕ್ಕೊಂದು ಪ್ರಾರ್ಥನಾನೂ ಅದ."

ಕೌಸಲ್ಯಾಬಾಯಿ ಅದನ್ನು ತೆರೆದಳು. ಪ್ರಾರ್ಥನೆಯ ಕೆಳಗೇ ಗರ್ಭಕೋಶದ ಚಿತ್ರ. ಫಟ್ಟನೆ ಮುಚ್ಚಿದಳು.

"ಮ್ಯಾಲ ದೇವರ ಹೆಸರು, ಕೆಳಗ ಇದು! ಬರದವರಿಗಿ ನಾಚಿಕಿ ಇಲ್ಲೇನ್ರಿ?"

ನನಗೆ ನಗು ತಡೆಯಲಿಲ್ಲ. "ಜಲಮೆಲ್ಲಾ ಇದರಾಗೇ ಕೈ ಇಟ್ಟೀರಿ, ಈಗ್ಯಾಕ ನಾಚಿಕಿ?"

"ಅದು ದವಾಖಾನಿ. ಇದು ದೇವರ ಪುಸ್ತಕ," ಎಂದು ನನ್ನ ಬಾಯಿ ಮುಚ್ಚಿಸಿದಳು.

ಹಸಿರು ರಟ್ಟಿನದು ಬೈಬಲಿನ ಸೃಷ್ಟಿಯ ಆರು ದಿನಗಳ ಅನುಕ್ರಮದಲ್ಲಿತ್ತು. ಮೊದಲ ದಿನಕ್ಕೆ ಬೆಳಕಿನ ಪಾಠ, ಎರಡಕ್ಕೆ ನೀರು ಆಕಾಶ, ಆಮೇಲೆ ಗಿಡಮರ, ಸೂರ್ಯಚಂದ್ರ, ಮೀನು ಹಕ್ಕಿ. "ಇದರಾಗ ಶರೀರ ಎಲ್ಲಾಕ್ಕಿಂತ ಕಡೀಕಿ, ಆರನೇ ದಿನಕ್ಕ ಅದರಿ," ಎಂದು ಕೇಶರಬಾಯಿ ಎಚ್ಚರಿಸಿದಳು. "ದೇವರು ಮಾಡಿದ ಹಾಂಗೇ ಕಲೀಲಿ," ಎಂದು ಕೌಸಲ್ಯಾಬಾಯಿ ಅದನ್ನೇ ಎತ್ತಿಕೊಂಡಳು. ಹಟ ಹಿಡಿದರೆ ಅವಳದು ಅಷ್ಟೇ.

ಕಲಿಸಿದ್ದೇನೋ ಚೆನ್ನಾಗಿಯೇ ಕಲಿಸಿದಳು. ದೀಪಾವಳಿಯ ಹೊತ್ತಿಗೆ ಎರಡು ದಿನಗಳ ಪಾಠ ಹುಡುಗಿಯ ನಾಲಿಗೆಯ ತುದಿಯಲ್ಲಿತ್ತು. ಮಗಳನ್ನು ಒಯ್ಯಲು ಜೈವಂತ ಬಂದಾಗ ಮುದುಕಿ ಬೈದಳು, ಅತ್ತಳು. ಅವನು ತಲೆ ತಗ್ಗಿಸಿ ನಿಂತ, ಆದರೆ ಮಗಳನ್ನು ಬಿಟ್ಟುಹೋಗಲು ಒಪ್ಪಲಿಲ್ಲ. ಕೊನೆಗೆ ಅವಳು ಉಳಿದ ಒಂದೊಂದು ದಿನದ ಹಾಳೆಗಳನ್ನೂ ಬೇರೆ ಬೇರೆಯಾಗಿ ಕೆಂಪು ದಾರದಿಂದ ಕಟ್ಟಿ ಪುಸ್ತಕವನ್ನು ಎಸ್ತೇರಳ ಚೀಲಕ್ಕೆ ಹಾಕಿದಳು. ಚರ್ಚಿನ ಮಕ್ಕಳಿಗೂ ಅವಳು ಹೀಗೆಯೇ ಕಟ್ಟಿಕೊಡುತ್ತಿದ್ದಳು.

"ತಿಂಗಳಿಗಿ ಒಂದೇ ದಾರ ಬಿಚ್ಚಬೇಕು. ದೇವರೇ ಜಿಗದಾಡಲಿಲ್ಲ, ನೀ ಜಿಗದಾಡಬ್ಯಾಡ."

"ಹೂಂ ಆಯಿ," ಎಂದಳು ಎಸ್ತೇರ. ಅಜ್ಜಿಯನ್ನು ಅವಳು ಕರೆಯುತ್ತಿದ್ದುದು ಹಾಗೆ. ಹೇಳಿದ ಮಾತು ಮೀರುವ ಹುಡುಗಿಯಲ್ಲ. ಮೀರಿದ್ದರೆ ಒಳ್ಳೆಯದಿತ್ತು ಎಂದು ನಾನು ಇವತ್ತಿಗೂ ಮರುಗುತ್ತೇನೆ.

ಯುಗಾದಿಗೆ ತಿರುಗಿ ಬಂದಳು. ಎತ್ತರವಾಗಿದ್ದಳು, ಅಂಗೈ ಒಡೆದಿತ್ತು, ಮಾತು ನಿಂತುಹೋಗಿತ್ತು. ಮರುದಿನವೇ ಇದ್ದ ಪರೀಕ್ಷೆಗೆ ಕೂತು ಬಂದಳು. ಸೀಟು ಸಿಗಲಿಲ್ಲ. ವಿಜ್ಞಾನದಲ್ಲಿ ಮೂರನೆಯ ದಿನದ ಪಾಠ ದಾಟಿ ಮುಂದೆ ಏನೂ ಓದಿರಲಿಲ್ಲ.

ಫಲಿತಾಂಶ ತಿಳಿದ ದಿನ ಕೌಸಲ್ಯಾಬಾಯಿಯ ದನಿ ಓಣಿಗೆಲ್ಲ ಕೇಳಿಸಿತು. ನಾನು ಓಡಿ ಹೋದೆ.

"ಪುಸ್ತಕ ಎಲ್ಲಿ ಅದ? ಹೇಳ್ತೀಯೋ ಇಲ್ಲೋ?"

"ಅಲ್ಲಿ ಕಬ್ಬಿನ ಹೊಲದಾಗ ಬಾಜೂ ಗುಡಿಸಲ ಹುಡುಗಿಗಿ ಕೊಟ್ಟೆ. ನನ್ನ ಸ್ವೆಟರೂ ಕೊಟ್ಟೆ."

"ಯಾಕ ಕೊಟ್ಟಿ?"

ಎಸ್ತೇರ ನೆಲ ನೋಡುತ್ತ ಹೇಳಿದಳು. "ಹೊಟ್ಟಿ ನೋಯ್ತಿತ್ತು. ರಕ್ತ ಹೋಗ್ಲಿಕ್ಕತ್ತಿತು, ನಿಲ್ಲಲಿಲ್ಲ. ಅಪ್ಪಗ ಹ್ಯಾಂಗ ಹೇಳ್ಲಿ? ಸಾಯ್ತೇನಿ ಅನ್ಕೊಂಡೆ. ಸಾಯೋರಿಗಿ ಪುಸ್ತಕ ಯಾಕ ಬೇಕು? ಆಮ್ಯಾಲ ನಿಂತಿತು. ಮುಂದಿನ ತಿಂಗಳು ಮತ್ತ ಬಂತು. ಪ್ರತಿ ಸಲ, ಈ ಸಲ ಸಾಯ್ತೇನಿ ಅಂತ ಕುಂತೆ."

ಕೌಸಲ್ಯಾಬಾಯಿ ಮೊಮ್ಮಗಳ ಎದುರು ಕೂತಳು. ಅಂಥ ಗಟ್ಟಿ ಹೆಂಗಸಿನ ದನಿ ಸಣ್ಣದಾಗಿತ್ತು. "ಆರನೇ ದಿನದಾಗ ಬರದದಲ್ಲವ್ವಾ... ದಾರ ಬಿಚ್ಚಿ ನೋಡಲಿಲ್ಲೇನು?"

"ನೀನೇ ಬ್ಯಾಡ ಅಂದಿದ್ದಿ."

ಆಮೇಲೆ ಅವಳು ಮೊಮ್ಮಗಳನ್ನು ಪಕ್ಕಕ್ಕೆ ಎಳೆದುಕೊಂಡು ಎಲ್ಲ ಹೇಳಿದಳು. ಇದು ರೋಗವಲ್ಲ, ಪಾಪವಲ್ಲ, ಎಲ್ಲ ಹೆಣ್ಣುಮಕ್ಕಳಿಗೂ ಬರುವುದು, ನಿನ್ನ ಅವ್ವನಿಗೂ ಬರುತ್ತಿತ್ತು ಎಂದಳು. ಕೆಂಪು ಪುಸ್ತಕದ ಆ ಚಿತ್ರವನ್ನು ಬೆರಳಿನಿಂದ ನೆಲದ ಮೇಲೆ ತಾನೇ ಬರೆದು ತೋರಿಸಿದಳು. ಹುಡುಗಿ ಅಳಲಿಲ್ಲ, ಗಮನವಿಟ್ಟು ಕೇಳಿದಳು. ಕೇಳಿ ಮುಗಿದ ಮೇಲೆ ಅಜ್ಜಿಯ ಮುಖ ನೋಡಿದಳು.

"ಇದೆಲ್ಲಾ ನಿನಗ ಮೊದಲೇ ಗೊತ್ತಿತ್ತೇನು ಆಯಿ?"

"ಗೊತ್ತಿತ್ತವ್ವ," ಎಂದಳು ಕೌಸಲ್ಯಾಬಾಯಿ.

ಎಸ್ತೇರ ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತಳು.